ಕಾದು ನಿಲ್ಲುವ ಟಗ್‌ಗೆ ಸರ್ಕಾರ ಯಾಕೆ ದುಡ್ಡು ಕೊಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲಿನಲ್ಲಿ ಇಂಜಿನ್ ಕೈಕೊಟ್ಟ ಹಡಗು ದಡಕ್ಕೆ ಬಡಿಯುವ ಮೊದಲೇ ಅದನ್ನು ಹಿಡಿದು ನಿಲ್ಲಿಸಬೇಕು. ಅದಕ್ಕೆಂದೇ ಕೆಲವು ದೇಶಗಳು ದೊಡ್ಡ ಟಗ್‌ಗಳನ್ನು (ಬೇರೆ ಹಡಗನ್ನು ಎಳೆಯುವ ನೌಕೆಗಳನ್ನು) ಬಾಡಿಗೆಗೆ ಹಿಡಿದು ವರ್ಷವಿಡೀ ಕಾಯಿಸುತ್ತವೆ. ಬಹುಪಾಲು ದಿನ ಆ ಟಗ್‌ಗೆ ಮಾಡಲು ಕೆಲಸವಿರುವುದಿಲ್ಲ, ಹಾಗಾಗಿ ಖರ್ಚು ಕಡಿಮೆ ಮಾಡಲು ಕೂತವರ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಈ ವಿಷಯ ಬಂದಾಗ ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಉತ್ತರಗಳಲ್ಲಿ ಮಾಹಿತಿಯ ಜೊತೆ ನನ್ನ ಅಭಿಪ್ರಾಯವೂ ಬೆರೆತಿದೆ.

ರಕ್ಷಣಾ ಟಗ್ ಅಂದರೇನು? ಬಂದರಿನಲ್ಲಿ ಕಾಣುವ ಟಗ್ ಆಗುವುದಿಲ್ಲವೇ?

ಬಂದರಿನ ಟಗ್ ಗಿಡ್ಡ, ಚುರುಕು. ಅಲೆಯಿಲ್ಲದ ನೀರಿನಲ್ಲಿ ಹಡಗನ್ನು ತಳ್ಳಿ, ಎಳೆದು, ತಿರುಗಿಸಿ ನಿಲ್ಲುವ ಕಟ್ಟೆಗೆ (ಬರ್ತ್) ಸೇರಿಸುವುದು ಅದರ ಕಸುಬು. ತೆರೆದ ಕಡಲಿನಲ್ಲಿ ಏಳೆಂಟು ಮೀಟರ್ ಅಲೆ ಎದ್ದಾಗ ಅದು ತನ್ನನ್ನು ತಾನು ಕಾಪಾಡಿಕೊಂಡರೆ ದೊಡ್ಡದು.

ರಕ್ಷಣಾ ಟಗ್‌ನ ಜಾತಿಯೇ ಬೇರೆ. ಫ್ರಾನ್ಸ್‌ನ ಬ್ರೆಸ್ಟ್‌ನಲ್ಲಿ 2005ರಿಂದ ಕಾವಲಿಗಿರುವ ಅಬೇಯ್ ಬೂರ್ಬೋನ್ 80 ಮೀಟರ್ ಉದ್ದ, 21,000 ಅಶ್ವಶಕ್ತಿಗೂ ಹೆಚ್ಚಿನ ಇಂಜಿನ್, 200 ಟನ್ ಎಳೆತ. ಎಳೆತ ಅಂದರೆ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ಪೂರ್ತಿ ವೇಗದಲ್ಲಿ ಎಳೆದಾಗ ಹಗ್ಗದ ಮೇಲೆ ಬೀಳುವ ಬಲ. ಈ ವ್ಯವಹಾರದಲ್ಲಿ ಎಲ್ಲರೂ ಮಾತಾಡುವುದು ಈ ಸಂಖ್ಯೆಯಲ್ಲೇ, ಅದನ್ನು ಬೊಲಾರ್ಡ್ ಪುಲ್ ಅನ್ನುತ್ತಾರೆ. ಜರ್ಮನಿಯ ನಾರ್ಡಿಕ್‌ನದು 201 ಟನ್. ಅದರ ಜೊತೆ ಬಿರುಗಾಳಿಯಲ್ಲೂ ಒಳ್ಳೆಯ ವೇಗ, ಬೆಂಕಿ ಆರಿಸುವ ಪಂಪು, ಒಳಗೆ ನುಗ್ಗಿದ ನೀರು ಹೊರಹಾಕುವ ಸಲಕರಣೆ, ಹಗಲು ರಾತ್ರಿ ಹತ್ತಿ ಕೂತಿರುವ ಸಿಬ್ಬಂದಿ. ದುಬಾರಿಯಾಗುವುದು ಈ ಕೊನೆಯದರಿಂದಲೇ.

ಹಡಗು ಕೆಟ್ಟು ನಿಂತ ಮೇಲೆ ಎಷ್ಟು ಸಮಯ ಸಿಗುತ್ತದೆ?

ಗಾಳಿಗೂ ಪ್ರವಾಹಕ್ಕೂ ಸಿಕ್ಕ ಹಡಗು ಗಂಟೆಗೆ ಒಂದರಿಂದ ಮೂರು ನಾಟಿಕಲ್ ಮೈಲು ತೇಲಿಕೊಂಡು ಹೋಗುತ್ತದೆ ಎಂದಿಟ್ಟುಕೊಳ್ಳಿ. ದಡದಿಂದ ಹನ್ನೆರಡು ಮೈಲಿನಲ್ಲಿ ಇಂಜಿನ್ ನಿಂತು, ಹಡಗು ಎರಡು ಮೈಲು ವೇಗದಲ್ಲಿ ದಡದ ಕಡೆಗೇ ತೇಲಿದರೆ ಆರು ಗಂಟೆ ಸಿಕ್ಕಿತು. ಅಷ್ಟರೊಳಗೆ ಕ್ಯಾಪ್ಟನ್ ಸುದ್ದಿ ಮುಟ್ಟಿಸಬೇಕು, ಟಗ್ ಹೊರಡಬೇಕು, ತಲುಪಬೇಕು, ಹಗ್ಗ ಕಟ್ಟಬೇಕು. ಕ್ಯಾಪ್ಟನ್‌ಗಳು ಸಾಮಾನ್ಯವಾಗಿ ಮೊದಲ ಒಂದೆರಡು ಗಂಟೆ ಯಾರಿಗೂ ಹೇಳುವುದಿಲ್ಲ, ಇಂಜಿನಿಯರ್ ಸರಿಮಾಡುತ್ತಾನೆ ಎಂದು ಕಾಯುತ್ತಾರೆ. ಅದನ್ನು ಕಳೆದರೆ ಉಳಿದದ್ದು ನಾಲ್ಕು ಗಂಟೆ. ಹದಿನೈದು ನಾಟ್ (ಗಂಟೆಗೆ ಹದಿನೈದು ನಾಟಿಕಲ್ ಮೈಲು) ಓಡುವ ಟಗ್ ಕೂಡ ಅಷ್ಟರಲ್ಲಿ ಅರವತ್ತು ಮೈಲಿಗಿಂತ ಆಚೆಯಿಂದ ಬಂದು ಪ್ರಯೋಜನವಿಲ್ಲ. ಆದ್ದರಿಂದ ದೇಶದಲ್ಲಿ ಒಟ್ಟು ಎಷ್ಟು ಟಗ್ ಇವೆ ಎಂಬ ಲೆಕ್ಕ ಕೊಟ್ಟು ಸಮಾಧಾನ ಹೇಳುವವರನ್ನು ನಂಬಬೇಡಿ. ಆ ರಾತ್ರಿ, ಆ ಜಾಗಕ್ಕೆ ಎಷ್ಟು ದೂರದಲ್ಲಿದೆ ಎಂಬುದೊಂದೇ ಲೆಕ್ಕಕ್ಕೆ ಬರುವುದು.

1993ರ ಜನವರಿ 5ರಂದು ಶೆಟ್ಲೆಂಡ್ ದ್ವೀಪದ ಬಳಿ ಬ್ರೇಯರ್ ಎಂಬ ಟ್ಯಾಂಕರ್‌ನ ಇಂಧನಕ್ಕೆ ಸಮುದ್ರದ ನೀರು ಸೇರಿ ಇಂಜಿನ್ ನಿಂತಿತು. ನಸುಕಿನಲ್ಲಿ ನಿಂತ ಹಡಗು ಬಂಡೆಗೆ ಬಡಿದದ್ದು ಹನ್ನೊಂದು ಗಂಟೆ ದಾಟಿದ ಮೇಲೆ. ನಡುವೆ ಆರೂವರೆ ಗಂಟೆ ಇತ್ತು. ಹತ್ತಿರದಲ್ಲಿ ಸಿಕ್ಕ ಹಡಗು ಬಂದು ತಲುಪುವ ಹೊತ್ತಿಗೆ ಸಿಬ್ಬಂದಿಯನ್ನು ಹೆಲಿಕಾಪ್ಟರ್‌ನಲ್ಲಿ ಇಳಿಸಿಯಾಗಿತ್ತು. ಕೆಲವರನ್ನು ಮತ್ತೆ ಹಡಗಿಗಿಳಿಸಿ ಹಗ್ಗ ಹಿಡಿಯಲು ಮಾಡಿದ ಪ್ರಯತ್ನವೂ ಫಲಿಸಲಿಲ್ಲ. ಹಡಗಿನಲ್ಲಿದ್ದ ಸುಮಾರು 85,000 ಟನ್ ಕಚ್ಚಾ ತೈಲ ಕಡಲು ಸೇರಿತು.

ಇದಕ್ಕೆ ಖಾಸಗಿ ಸಾಲ್ವೇಜ್ ಕಂಪನಿಗಳು, ಅಂದರೆ ಅಪಾಯಕ್ಕೆ ಸಿಕ್ಕ ಹಡಗು, ಸರಕು ಉಳಿಸುವ ಕಂಪನಿಗಳು, ಇವೆಯಲ್ಲ? ಅವರೇ ನೋಡಿಕೊಳ್ಳಲಿ.

ಒಂದು ಕಾಲದಲ್ಲಿ ನೋಡಿಕೊಳ್ಳುತ್ತಿದ್ದರು. ಡಚ್ಚರ, ಜರ್ಮನ್ನರ ದೊಡ್ಡ ಸಾಲ್ವೇಜ್ ಕಂಪನಿಗಳು ಹಡಗು ದಟ್ಟಣೆಯ ಜಾಗಗಳಲ್ಲಿ ತಮ್ಮ ಖರ್ಚಿನಲ್ಲೇ ಟಗ್ ನಿಲ್ಲಿಸಿ, ರೇಡಿಯೋಗೆ ಕಿವಿಕೊಟ್ಟು ಕೂರುತ್ತಿದ್ದವು. ಯಾರಾದರೂ ಕೆಟ್ಟು ನಿಂತರೆ ಓಡುವುದು. ಈ ಕಸುಬಿನ ಹಳೆಯ ನಿಯಮ "ಉಳಿಸಿದರಷ್ಟೇ ದುಡ್ಡು". ಹಡಗು, ಸರಕು ಉಳಿದರೆ ಉಳಿದ ಮಾಲಿನ ಬೆಲೆಯಲ್ಲಿ ಒಂದು ಪಾಲು. ಮುಳುಗಿದರೆ ಸೊನ್ನೆ.

ಅಪಘಾತಗಳು ಹೆಚ್ಚಿದ್ದಾಗ ಇದು ಲಾಭದ ವ್ಯಾಪಾರ. ಹಡಗುಗಳು ಸುಧಾರಿಸಿ ಅಪಘಾತಗಳು ಇಳಿದಂತೆ ಗಿರಾಕಿಗಳೂ ಇಳಿದರು, ಟಗ್‌ನ ಖರ್ಚು ಮಾತ್ರ ಏರುತ್ತಲೇ ಹೋಯಿತು. ಕಂಪನಿಗಳು ಒಂದೊಂದಾಗಿ ಕಾವಲು ಬಿಟ್ಟು, ದೊಡ್ಡ ಟಗ್‌ಗಳನ್ನು ತೈಲಬಾವಿಗಳ ಕೆಲಸಕ್ಕೋ ಬಹುದೂರದ ಎಳೆತದ ಗುತ್ತಿಗೆಗೋ ಹಾಕಿದವು. ಅದರಲ್ಲಿ ಅವರ ತಪ್ಪೇನಿಲ್ಲ.

ನಿಜವಾದ ತೊಡಕು ಬೇರೆ ಕಡೆ ಇದೆ. ಹಳೆಯ ಹಡಗು, ಅಗ್ಗದ ಸರಕು, ಟ್ಯಾಂಕಿನಲ್ಲಿ ಎರಡು ಸಾವಿರ ಟನ್ ಮಡ್ಡಿ ಇಂಧನ ಎಂದಿಟ್ಟುಕೊಳ್ಳಿ. ಅದನ್ನು ಉಳಿಸಿದ ಸಾಲ್ವೇಜ್‌ನವನಿಗೆ ಸಿಗುವ ಪಾಲು ಅಷ್ಟಕ್ಕಷ್ಟೇ. ಅದೇ ಹಡಗು ಒಡೆದರೆ ಕರಾವಳಿಗೆ ಆಗುವ ನಷ್ಟ ಹಡಗಿನ ಬೆಲೆಯ ಹತ್ತಾರು ಪಟ್ಟು. ಹಾನಿಯಾಗದೆ ಉಳಿದ ಕರಾವಳಿಗೆ ಬೆಲೆ ಕಟ್ಟಿ ಅವನಿಗೆ ಪಾಲು ಕೊಡುವವರು ಯಾರೂ ಇಲ್ಲ. 1989ರ ಅಂತರರಾಷ್ಟ್ರೀಯ ಸಾಲ್ವೇಜ್ ಒಪ್ಪಂದ ಇದನ್ನು ಅರ್ಧ ಸರಿಪಡಿಸಿತು. ಪರಿಸರಕ್ಕೆ ಅಪಾಯವಿದ್ದಾಗ ಹಡಗು ಉಳಿಯದಿದ್ದರೂ ಖರ್ಚು ಸಿಗುವಂತೆ ಮಾಡಿತು. ಆದರೆ ಸಿಗುವುದು ಬಂದು ದುಡಿದ ದಿನಗಳ ಖರ್ಚು. ಏನೂ ಆಗದೆ ಕಾದ ಮುನ್ನೂರು ಚಿಲ್ಲರೆ ದಿನಗಳ ಸಂಬಳ, ಡೀಸೆಲ್, ವಿಮೆ ಅದರಲ್ಲಿ ಬರುವುದಿಲ್ಲ. ಸರ್ಕಾರದ ದುಡ್ಡು ಬೇಕಿರುವುದು ಆ ದಿನಗಳಿಗೆ.

ಸರ್ಕಾರ ದುಡ್ಡು ಕೊಟ್ಟರೆ ಸಾಕೇ?

ಸಾಲದು. ನನ್ನನ್ನು ಕೇಳಿದರೆ ದುಡ್ಡು ಯಾರದು ಎಂಬುದಕ್ಕಿಂತ ಅಪ್ಪಣೆ ಯಾರದು ಎಂಬ ಪ್ರಶ್ನೆ ದೊಡ್ಡದು. ಅಮೊಕೊ ಕಾಡಿಜ್ ಕಥೆ ಕೇಳಿ.

1978ರ ಮಾರ್ಚ್ 16, ಫ್ರಾನ್ಸ್‌ನ ಬ್ರಿಟನಿ ಕರಾವಳಿ. ಬೆಳಿಗ್ಗೆ ಹತ್ತರ ಸುಮಾರಿಗೆ ಈ ಭಾರೀ ಟ್ಯಾಂಕರ್‌ನ ಚುಕ್ಕಾಣಿ ಕೆಟ್ಟಿತು. ಪೆಸಿಫಿಕ್ ಎಂಬ ಜರ್ಮನ್ ಟಗ್ ಹತ್ತಿರದಲ್ಲೇ ಇತ್ತು, ಬಂದೂ ಬಂತು. ಆಗ ಶುರುವಾಯಿತು ಕರಾರಿನ ಮಾತು. "ಉಳಿಸಿದರಷ್ಟೇ ದುಡ್ಡು" ಎಂಬ ಲಾಯ್ಡ್ಸ್ ಕರಾರಿಗೆ ಒಪ್ಪಿ ಎಂದು ಟಗ್‌ನವರು, ಗಂಟೆ ಲೆಕ್ಕದ ಬಾಡಿಗೆಗೆ ಎಳೆಯಿರಿ ಎಂದು ಹಡಗಿನವರು. ಕ್ಯಾಪ್ಟನ್ ಸಾವಿರಾರು ಮೈಲಿ ದೂರದ ಶಿಕಾಗೋದಲ್ಲಿದ್ದ ಕಂಪನಿಯ ಒಪ್ಪಿಗೆಗೆ ಕಾದ. ಮಧ್ಯಾಹ್ನ ಕಟ್ಟಿದ ಹಗ್ಗ ಸಂಜೆಯ ಹೊತ್ತಿಗೆ ಹರಿಯಿತು. ಮತ್ತೆ ಕಟ್ಟಿದರು. ರಾತ್ರಿ ಒಂಬತ್ತರ ಸುಮಾರಿಗೆ ಹಡಗು ಪೋರ್ಸಾಲ್‌ನ ಬಂಡೆಗಳ ಮೇಲೆ ಕೂತಿತು. 2,20,000 ಟನ್‌ಗೂ ಮೀರಿದ ಕಚ್ಚಾ ತೈಲ ಅಷ್ಟೂ ಹೋಯಿತು. ಪರಿಹಾರದ ಮೊಕದ್ದಮೆ ಅಮೆರಿಕದ ಕೋರ್ಟಿನಲ್ಲಿ 1990ರ ದಶಕದವರೆಗೆ ಎಳೆಯಿತು.

ಚೌಕಾಸಿ ಇಲ್ಲದಿದ್ದರೂ ಆ ಟಗ್‌ಗೆ ಅಷ್ಟು ದೊಡ್ಡ ಹಡಗನ್ನು ತಡೆಯುವ ಶಕ್ತಿ ಇತ್ತೇ ಎಂಬ ವಾದ ಇವತ್ತಿಗೂ ಇದೆ. ಫ್ರಾನ್ಸ್ ಎರಡೂ ಪಾಠ ಕಲಿಯಿತು. ಶಕ್ತಿಯುತ ಟಗ್‌ಗಳನ್ನು ಸರ್ಕಾರವೇ ಬಾಡಿಗೆಗೆ ಹಿಡಿದು ನೌಕಾಪಡೆಯ ಕೈಕೆಳಗೆ ಇಟ್ಟಿತು. ಜೊತೆಗೆ ಆಯಾ ಕಡಲ ಭಾಗದ ನೌಕಾ ಅಧಿಕಾರಿಗೆ, ಅಪಾಯ ಒಡ್ಡುವ ಹಡಗಿನ ಮಾಲೀಕನಿಗೆ ಗಡುವು ಕೊಟ್ಟು, ಮೀರಿದರೆ ತಾನೇ ಎಳೆಸುವ ಅಧಿಕಾರ ಕೊಟ್ಟಿತು. ಬ್ರಿಟನ್ 1999ರಲ್ಲಿ ಮಂತ್ರಿಗಳ ಮರ್ಜಿಗೆ ಕಾಯದೆ ಸ್ಥಳದಲ್ಲೇ ತೀರ್ಮಾನಿಸುವ ಒಬ್ಬ ವಿಶೇಷ ಪ್ರತಿನಿಧಿಯನ್ನು ನೇಮಿಸಿತು. ಜರ್ಮನಿ, 1998ರಲ್ಲಿ ಪಲ್ಲಾಸ್ ಎಂಬ ಹೊತ್ತಿ ಉರಿಯುವ ಹಡಗು ಯಾರ ಹಿಡಿತಕ್ಕೂ ಸಿಗದೆ ಆಮ್ರುಮ್ ದ್ವೀಪದವರೆಗೆ ತೇಲಿ ಬಂದು ಸಾವಿರಾರು ಕಡಲಹಕ್ಕಿಗಳು ಸತ್ತ ಮೇಲೆ, 2003ರಲ್ಲಿ ಕುಕ್ಸ್‌ಹಾಫೆನ್‌ನಲ್ಲಿ ಒಂದೇ ಸೂರಿನಡಿ ಕಮಾಂಡ್ ಕಟ್ಟಿತು. ಅಧಿಕಾರ ಕೊಡದೆ ಟಗ್‌ಗೆ ಮಾತ್ರ ಬಾಡಿಗೆ ಕೊಡುವ ದೇಶದ ದುಡ್ಡು ಅರ್ಧಕ್ಕರ್ಧ ವ್ಯರ್ಥ.

ಈಗಿನ ಟ್ಯಾಂಕರ್‌ಗಳಿಗೆ ಡಬಲ್ ಹಲ್, ಅಂದರೆ ಎರಡು ಪದರದ ಒಡಲು, ಇದೆ. ಸೋರಿಕೆಯೂ ಇಳಿದಿದೆ. ಇನ್ನೂ ಯಾಕೆ ಇದೆಲ್ಲ?

ಸೋರಿಕೆ ಇಳಿದಿರುವುದು ನಿಜ. ಟ್ಯಾಂಕರ್‌ಗಳಿಂದ 700 ಟನ್ ಮೀರಿದ ದೊಡ್ಡ ಸೋರಿಕೆಗಳು 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ ಇಪ್ಪತ್ತಕ್ಕೂ ಹೆಚ್ಚು ಆಗುತ್ತಿದ್ದವು. 2010ರ ದಶಕದಲ್ಲಿ ಅದು ಎರಡಕ್ಕಿಂತ ಕೆಳಗೆ ಬಂತು.

ಆದರೆ ಎಣ್ಣೆ ಟ್ಯಾಂಕರ್‌ನಲ್ಲಿ ಮಾತ್ರ ಇರುತ್ತದೆಯೇ? ಸೋಯಾ, ಕಲ್ಲಿದ್ದಲು, ಕಾರು, ಕಂಟೇನರ್ ಏನು ಹೊತ್ತರೂ ಹಡಗು ಓಡುವುದು ತನ್ನ ಟ್ಯಾಂಕಿನ ಇಂಧನದಿಂದ. ದೊಡ್ಡ ಕಂಟೇನರ್ ಹಡಗಿನಲ್ಲಿ ಅದು ಸಾವಿರಾರು ಟನ್. ಅಲಾಸ್ಕಾದ ಉನಲಾಸ್ಕಾ ದ್ವೀಪದಲ್ಲಿ 2004ರ ಡಿಸೆಂಬರ್ 8ರಂದು ಎರಡು ತುಂಡಾದ ಸೆಲೆಂಡಾಂಗ್ ಆಯು ಸೋಯಾಕಾಳು ಸಾಗಿಸುತ್ತಿತ್ತು. ಸುಮಾರು 12 ಲಕ್ಷ ಲೀಟರ್ ಇಂಧನ ಕಡಲಿಗೆ ಹೋಯಿತು. ರಕ್ಷಣೆಗೆ ಬಂದ ಹೆಲಿಕಾಪ್ಟರ್ ಅಲೆಗೆ ಸಿಕ್ಕಿ ಬಿದ್ದು ಆರು ನಾವಿಕರು ಸತ್ತರು. 2020ರಲ್ಲಿ ಮಾರಿಷಸ್‌ನಲ್ಲಿ ಸುಮಾರು ಸಾವಿರ ಟನ್ ಎಣ್ಣೆ ಸುರಿದ ವಕಾಶಿಯೋ ಅಂತೂ ಸರಕೇ ಇಲ್ಲದ ಹಡಗು.

ಇನ್ನೊಂದು ಮಾತು. ಹಡಗುಗಳು ನಾನೂರು ಮೀಟರ್ ಉದ್ದಕ್ಕೆ ಬೆಳೆದಿವೆ, ಕಂಟೇನರ್‌ಗಳ ಆ ಗೋಡೆಗೆ ಬೀಳುವ ಗಾಳಿಯ ಒತ್ತಡವೂ ಬೆಳೆದಿದೆ. ಮೂವತ್ತು ವರ್ಷದ ಹಿಂದೆ ಧಾರಾಳ ಅನ್ನಿಸಿದ್ದ ಎಳೆತ ಇವತ್ತು ಸಾಲದು.

ಎಣ್ಣೆ ಚೆಲ್ಲಿದ ಮೇಲೆ ಬಾಚಿ ತೆಗೆಯುವ ಯಂತ್ರಗಳಿಗೇ ಆ ದುಡ್ಡು ಹಾಕಬಾರದೇ?

ತೆರೆದ ಕಡಲಿನಲ್ಲಿ ಚೆಲ್ಲಿದ ಎಣ್ಣೆಯಲ್ಲಿ ಯಂತ್ರಗಳಿಂದ ಬಾಚಲು ಸಾಧ್ಯವಾಗುವುದು ಸಾಮಾನ್ಯವಾಗಿ ಹತ್ತು ಹದಿನೈದು ಶೇಕಡಾ. ಬಿರುಗಾಳಿಯಲ್ಲಿ ಅದೂ ಇಲ್ಲ, ಎಣ್ಣೆ ತಡೆಯಲು ತೇಲಿಬಿಡುವ ಬೇಲಿಗಳ (ಬೂಮ್) ಮೇಲೆ ಅಲೆ ಹಾರಿ ಹೋಗುತ್ತದೆ. ಹಡಗು ದಡಕ್ಕೆ ಬಡಿಯುವುದೂ ಹೆಚ್ಚಾಗಿ ಬಿರುಗಾಳಿಯಲ್ಲೇ. ಬಾಚುವ ಸಲಕರಣೆ ಬೇಡ ಅನ್ನುತ್ತಿಲ್ಲ, ಆದರೆ ಅದನ್ನೊಂದೇ ನೆಚ್ಚಿ ಕೂರುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ಮಾಲಿನ್ಯ ಮಾಡಿದವನೇ ಕೊಡಲಿ. ತೆರಿಗೆ ಕಟ್ಟುವವನು ಯಾಕೆ ಕೊಡಬೇಕು?

ನ್ಯಾಯವಾದ ಪ್ರಶ್ನೆ. ಅಡ್ಡಿ ಎರಡು ಕಡೆ ಇದೆ.

ಒಂದು, ಪರಿಹಾರದ ಕಾನೂನು. ಟ್ಯಾಂಕರ್ ಸೋರಿಕೆಗೆ 1992ರ ಹೊಣೆಗಾರಿಕೆ ಒಪ್ಪಂದ ಮತ್ತು ಪರಿಹಾರ ನಿಧಿ ಇವೆ, ಬೇರೆ ಹಡಗುಗಳ ಇಂಧನಕ್ಕೆ 2001ರ ಬಂಕರ್ ಒಪ್ಪಂದ ಇದೆ. ಮಾಲಿನ್ಯ ತಡೆಯಲು ಮಾಡಿದ ಖರ್ಚನ್ನೂ ಇವು ಕೊಡುತ್ತವೆ. ಆದರೆ ಅವಘಡ ನಡೆದ ಮೇಲಿನ, ಅಥವಾ ಗಂಭೀರ ಅಪಾಯ ಕಣ್ಣೆದುರಿಗೆ ಬಂದ ಮೇಲಿನ ಖರ್ಚು ಮಾತ್ರ. ಅದರಲ್ಲೂ ಎಳೆದದ್ದು ಮುಖ್ಯವಾಗಿ ಮಾಲಿನ್ಯ ತಡೆಯಲು ಎಂದು ತೋರಿಸಬೇಕು, ಹಡಗು ಮತ್ತು ಸರಕು ಉಳಿಸುವುದೇ ಉದ್ದೇಶವಾಗಿದ್ದರೆ ಈ ನಿಧಿಯಿಂದ ಬರುವುದಿಲ್ಲ. ಯಾವ ಹಡಗೂ ಕೆಡದ ವರ್ಷದ ಬಿಲ್ಲನ್ನು ಅಲ್ಲಿಗೆ ಕಳಿಸುವ ಹಾಗಿಲ್ಲ. ಪರಿಹಾರದ ಮೊತ್ತಕ್ಕೂ ಮಿತಿ ಇದೆ. 2002ರಲ್ಲಿ ಸ್ಪೇನ್ ಕರಾವಳಿಯಾಚೆ ಮುಳುಗಿದ ಪ್ರೆಸ್ಟೀಜ್ ಟ್ಯಾಂಕರ್ ಪ್ರಕರಣದಲ್ಲಿ ಈ ವ್ಯವಸ್ಥೆಯಡಿ ಸಿಗುವಂತಿದ್ದುದು 17 ಕೋಟಿ ಯೂರೋ ಚಿಲ್ಲರೆ. ಸ್ಪೇನ್‌ನ ಸುಪ್ರೀಂ ಕೋರ್ಟ್ 2018ರಲ್ಲಿ ನಿಗದಿ ಮಾಡಿದ ನಷ್ಟ 150 ಕೋಟಿಗೂ ಹೆಚ್ಚು.

ಎರಡನೆಯದನ್ನು ಚರ್ಚೆಗಳಲ್ಲಿ ಅಷ್ಟಾಗಿ ಎತ್ತುವುದಿಲ್ಲ. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 26ನೇ ವಿಧಿಯ ಪ್ರಕಾರ, ತನ್ನ ಕಡಲನ್ನು ಹಾದು ಹೋಯಿತು ಎಂಬ ಒಂದೇ ಕಾರಣಕ್ಕೆ ವಿದೇಶಿ ಹಡಗಿನಿಂದ ಯಾವ ದೇಶವೂ ಶುಲ್ಕ ಎತ್ತುವಂತಿಲ್ಲ. ಆ ಹಡಗಿಗೇ ಮಾಡಿಕೊಟ್ಟ ನಿರ್ದಿಷ್ಟ ಸೇವೆಗಷ್ಟೇ ಹಣ ಕೇಳಬಹುದು. ನಿಮ್ಮ ಬಂದರಿಗೆ ಬರುವ ಹಡಗಿನಿಂದ ವಸೂಲು ಮಾಡಬಹುದು, ಕರಾವಳಿಯ ಪಕ್ಕದಲ್ಲೇ ಹಾದು ಬೇರೆ ದೇಶಕ್ಕೆ ಹೋಗುವ ಹಡಗಿನಿಂದ ಆಗದು. ಬ್ರಿಟನಿಯ ಮುಂದೆ ಹಾಯುವ ಹಡಗುಗಳಲ್ಲಿ ದೊಡ್ಡ ಪಾಲು ಫ್ರಾನ್ಸ್‌ನ ಬಂದರು ಮುಟ್ಟುವುದೇ ಇಲ್ಲ. ಅಪಾಯ ಅವರದು, ಕರಾವಳಿ ಇವರದು. ಅಂಥ ಕಡೆ ಖಜಾನೆ ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ.

ಹಾಗಾದರೆ ಹಡಗು ಉದ್ಯಮವೇ ಪೂರ್ತಿ ಖರ್ಚು ಹೊರುವ ಕಡೆ ಎಲ್ಲೂ ಇಲ್ಲವೇ?

ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ನಿಯಾ ಬೇ. ಹುವಾನ್ ಡಿ ಫ್ಯೂಕಾ ಜಲಸಂಧಿಯ ಬಾಯಲ್ಲಿರುವ, ಮಕಾ ಬುಡಕಟ್ಟಿನವರ ಊರು. 1988ರಲ್ಲಿ ಇದೇ ರಾಜ್ಯದ ಕರಾವಳಿಯಲ್ಲಿ ನೆಸ್ಟಕಾ ಎಂಬ ಎಣ್ಣೆ ಬಾರ್ಜ್‌ನ (ಟಗ್ ಎಳೆದೊಯ್ಯುವ ಚಪ್ಪಟೆ ದೋಣಿಯ) ಹಗ್ಗ ಹರಿದು, ಮತ್ತೆ ಹಿಡಿಯಲು ಹೋದ ಅದರ ಟಗ್ಗೇ ಗುದ್ದಿ ಬಾರ್ಜ್ ತೂತಾಗಿತ್ತು. 1991ರಲ್ಲಿ ಜಲಸಂಧಿಯ ಹೊರಗೆ ತೆನ್ಯೋ ಮಾರು ಎಂಬ ಮೀನುಗಾರಿಕಾ ಹಡಗು ಡಿಕ್ಕಿಯಲ್ಲಿ ಮುಳುಗಿತು. ಎರಡು ಸಲವೂ ಎಣ್ಣೆ ಬಂದದ್ದು ಈ ದಡಗಳಿಗೆ.

1999ರಿಂದ ಅಲ್ಲಿ ರಕ್ಷಣಾ ಟಗ್ ನಿಲ್ಲತೊಡಗಿತು, ಮೊದಲ ವರ್ಷಗಳಲ್ಲಿ ಚಳಿಗಾಲಕ್ಕೆ ಮಾತ್ರ, ಸರ್ಕಾರದ ದುಡ್ಡಿನಲ್ಲಿ. ಪ್ರತಿ ವರ್ಷ ಹಣ ಸಿಗುತ್ತದೋ ಇಲ್ಲವೋ ಎಂಬ ಅದೇ ಜಗ್ಗಾಟ. 2008ರಲ್ಲಿ ಅದನ್ನು ವರ್ಷಪೂರ್ತಿ ಕಾವಲಿಗಿಟ್ಟರು. 2009ರಲ್ಲಿ ಶಾಸನಸಭೆ ಕಾನೂನು ಮಾಡಿ, 2010ರ ಜುಲೈಯಿಂದ ಖರ್ಚನ್ನು ಹಡಗು ಉದ್ಯಮದ ಹೆಗಲಿಗೆ ದಾಟಿಸಿತು. ಆದರೆ ಟಗ್ ಹೇಗಿರಬೇಕು ಎಂದು ಬರೆಯುವ ಪೆನ್ನನ್ನು ರಾಜ್ಯ ತನ್ನ ಕೈಯಲ್ಲೇ ಇಟ್ಟುಕೊಂಡಿತು. ಅಪ್ಪಣೆ ಬಂದ ಇಪ್ಪತ್ತು ನಿಮಿಷದೊಳಗೆ ಹೊರಡಬೇಕು, ಕೆಟ್ಟ ಹವೆಯಲ್ಲೂ 1,80,000 ಟನ್ ಸಾಮರ್ಥ್ಯದ ಹಡಗನ್ನು ಹಿಡಿದು ನಿಲ್ಲಿಸಬೇಕು ಎಂದು ಕಾನೂನಿನಲ್ಲೇ ಇದೆ.

ಇದು ನನಗೆ ತುಂಬಾ ಹಿಡಿಸಿದ ಮಾದರಿ. ಮೊದಲು ಸರ್ಕಾರ ದುಡ್ಡು ಹಾಕಿ ವ್ಯವಸ್ಥೆ ಕಟ್ಟಿತು, ಉಪಯೋಗ ಎಲ್ಲರಿಗೂ ಕಂಡಮೇಲೆ ಬಳಸುವವರ ಮೇಲೆ ಹಾಕಿತು. ಮೊದಲ ದಿನವೇ ಉದ್ಯಮದಿಂದ ಕೇಳಿದ್ದರೆ ಇವತ್ತಿಗೂ ಸಮಿತಿಯಲ್ಲೇ ಕೂತಿರುತ್ತಿತ್ತೇನೋ. ಆದರೆ ಎಲ್ಲ ಕಡೆ ಇದನ್ನು ನಕಲು ಮಾಡಲಾಗದು. ಅಲ್ಲಿ ನಡೆಯುವುದು ಹಡಗುಗಳು ಆ ರಾಜ್ಯದ ಬಂದರಿಗೇ ಬರುವುದರಿಂದ. ಅದೇ ಜಲಸಂಧಿಯಲ್ಲಿ ಕೆನಡಾದ ಬಂದರಿಗೆ ಹೋಗುವ ಹಡಗುಗಳೂ ಇವೆ, ಅವುಗಳವರೆಗೆ ರಾಜ್ಯದ ಕೈ ಚಾಚುವುದಿಲ್ಲ.

ಬೇರೆ ದೇಶಗಳು?

ಸ್ಪೇನ್ ಪ್ರೆಸ್ಟೀಜ್ ಆದ ಮೇಲೆ ಸರ್ಕಾರದ ಸ್ವಂತ ದೊಡ್ಡ ಟಗ್‌ಗಳನ್ನೇ ಕಟ್ಟಿಸಿತು. ಆಸ್ಟ್ರೇಲಿಯಾ ಕಡಲ ಮಾಲಿನ್ಯದ ಸಿದ್ಧತೆಗೆಂದು ತನ್ನ ಬಂದರಿಗೆ ಬರುವ ಹಡಗುಗಳಿಂದ ಶುಲ್ಕ ಎತ್ತುತ್ತದೆ. ದಕ್ಷಿಣ ಆಫ್ರಿಕಾ 1970ರ ದಶಕದಲ್ಲೇ, ಆ ಕಾಲಕ್ಕೆ ಜಗತ್ತಿನಲ್ಲೇ ಬಲಶಾಲಿಯಾಗಿದ್ದ ಎರಡು ಟಗ್ ಕಟ್ಟಿಸಿತ್ತು. ಕೆನಡಾ ಎಚ್ಚೆತ್ತದ್ದು ತಡವಾಗಿ. 2014ರಲ್ಲಿ ಸಿಮುಶಿರ್ ಎಂಬ ರಷ್ಯಾದ ಹಡಗು ಹೈಡಾ ಗ್ವಾಯ್ ದ್ವೀಪಗಳತ್ತ ತೇಲುತ್ತಿದ್ದಾಗ ಕರಾವಳಿ ಪಡೆಯ ಹಡಗು ಕಟ್ಟಿದ ಹಗ್ಗ ಮತ್ತೆ ಮತ್ತೆ ಹರಿಯಿತು, ಕೊನೆಗೆ ಎಳೆದದ್ದು ಅಮೆರಿಕದ ಟಗ್. 2018ರಲ್ಲಿ ಎರಡು ಟಗ್‌ಗಳನ್ನು ಮೂರು ವರ್ಷಕ್ಕೆ 6.7 ಕೋಟಿ ಕೆನಡಾ ಡಾಲರ್‌ಗೆ ಬಾಡಿಗೆಗೆ ಹಿಡಿದರು.

ಬ್ರಿಟನ್ ಈ ಟಗ್‌ಗಳನ್ನು ತೆಗೆದುಹಾಕಿತಲ್ಲ? ಆಕಾಶ ಕಳಚಿ ಬಿದ್ದಿಲ್ಲವಲ್ಲ?

ಬ್ರೇಯರ್ ನಂತರ ಬ್ರಿಟನ್ ಕಾವಲಿಗೆ ಟಗ್ ಇಟ್ಟಿತು, ಮುಂದೆ ಅವು ನಾಲ್ಕಾದವು. 2010ರ ಅಕ್ಟೋಬರ್ 20ರಂದು ಖರ್ಚು ಕಡಿತದ ಪಟ್ಟಿ ಬಂತು, ಅದರಲ್ಲಿ ಇವೂ ಇದ್ದವು. ಉಳಿತಾಯ 3.25 ಕೋಟಿ ಪೌಂಡ್, ಅದೂ ಹಲವು ವರ್ಷಗಳಿಗೆ ಸೇರಿ. ಎರಡೇ ದಿನಕ್ಕೆ, ಅಕ್ಟೋಬರ್ 22ರಂದು, ಬ್ರಿಟಿಷ್ ನೌಕಾಪಡೆಯ ಹೊಚ್ಚಹೊಸ ಅಣು ಜಲಾಂತರ್ಗಾಮಿ ಅಸ್ಟ್ಯೂಟ್ ಸ್ಕೈ ದ್ವೀಪದ ಬಳಿ ಮರಳಿಗೆ ಸಿಕ್ಕಿಕೊಂಡಿತು. ಎಳೆಯಲು ಬಂದದ್ದು ಕತ್ತರಿ ಬಿದ್ದಿದ್ದ ಟಗ್‌ಗಳಲ್ಲೇ ಒಂದು, ಆಂಗ್ಲಿಯನ್ ಪ್ರಿನ್ಸ್. (ಎಳೆಯುವಾಗ ಜಲಾಂತರ್ಗಾಮಿಗೆ ತಾಗಿ ಒಂದಿಷ್ಟು ಜಖಂ ಮಾಡಿತು, ಅದೂ ಸೇರಿಸಿ ಹೇಳಬೇಕು.)

2011ರಲ್ಲಿ ದಕ್ಷಿಣದ ಟಗ್‌ಗಳು ಹೋದವು. ಸ್ಕಾಟ್ಲೆಂಡ್‌ನವರು ಹಟ ಹಿಡಿದು ಉತ್ತರಕ್ಕೆ ಒಂದನ್ನು ಉಳಿಸಿಕೊಂಡರು. ಅದರ ಹಣವನ್ನು ಮುಂದಿನ ವರ್ಷಗಳಲ್ಲಿ ತುಂಡು ತುಂಡಾಗಿಯೇ ವಿಸ್ತರಿಸುತ್ತ ಬಂದರು. ಆಕಾಶ ಕಳಚಿ ಬಿದ್ದಿಲ್ಲ, ನಿಜ. ಆದರೆ ಫ್ರಾನ್ಸ್ ಎದುರಿನ ಡೋವರ್ ಜಲಸಂಧಿಯ ಕಡೆ ಅಪಾಯವಾದರೆ ಫ್ರಾನ್ಸ್‌ನ ಟಗ್ ಇದೆ ಎಂಬ ಧೈರ್ಯ ಇದರ ಹಿಂದಿದೆ. ಪಕ್ಕದ ಮನೆಯವರು ದುಡ್ಡು ಹಾಕಿದ್ದಾರೆಂದು ನಾವು ಬಿಡುವುದನ್ನು ಉಳಿತಾಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಎಳೆಹಗ್ಗ ಕಟ್ಟುವುದು ಅಷ್ಟೊಂದು ಕಷ್ಟವೇ?

ದಡದಲ್ಲಿ ಕೂತವರಿಗೆ ಇದು ಅಂದಾಜಾಗುವುದಿಲ್ಲ. ಟಗ್ ಉರುಳಾಡುವ ಹಡಗಿನ ಮೂತಿಯ ಹತ್ತಿರ, ಕೆಲವೊಮ್ಮೆ ಐವತ್ತು ಮೀಟರ್‌ಗಿಂತ ಕಡಿಮೆ ಅಂತರದಲ್ಲಿ ನಿಲ್ಲಬೇಕು. ಅಲ್ಲಿಂದ ತೆಳ್ಳನೆಯ ಒಂದು ದಾರವನ್ನು ಹಡಗಿನ ಮೇಲೆ ಹಾರಿಸುತ್ತಾರೆ. ಹಡಗಿನವರು ಅದನ್ನು ಹಿಡಿದು ಎಳೆದರೆ ಅದರ ತುದಿಗೆ ಸ್ವಲ್ಪ ದಪ್ಪ ಹಗ್ಗ, ಅದರ ತುದಿಗೆ ಇನ್ನೂ ದಪ್ಪದ್ದು, ಕೊನೆಗೆ ಎಳೆಯುವ ನಿಜವಾದ ಹಗ್ಗ. ನೀರು ಕುಡಿದ ಆ ಹಗ್ಗವನ್ನು ಮೇಲೆತ್ತಲು ವಿಂಚ್, ಅಂದರೆ ಹಗ್ಗ ಸುತ್ತುವ ಯಂತ್ರ, ಬೇಕು. ವಿಂಚ್‌ಗೆ ವಿದ್ಯುತ್ ಬೇಕು. ಇಂಜಿನ್ ನಿಂತು ಜನರೇಟರ್ ಕೂಡ ಹೋಗಿದ್ದರೆ ಅದೆಲ್ಲ ಕೈಬಲದ ಕೆಲಸ, ಅಲೆ ಹತ್ತಿ ಇಳಿಯುವ ಡೆಕ್ಕಿನ ಮೇಲೆ, ಕತ್ತಲಲ್ಲಿ, ರಾತ್ರಿಯಿಡೀ ನಿದ್ದೆಯಿಲ್ಲದ ಹತ್ತಿಪ್ಪತ್ತು ಜನರಿಂದ. ಕಟ್ಟಿದ ಮೇಲೂ ಹಗ್ಗ ಬಿಗಿಯಾಗಿ ನಿಲ್ಲುವಂತಿಲ್ಲ. ನೂರಾರು ಮೀಟರ್ ಬಿಟ್ಟು ಅದರ ಹೊಟ್ಟೆ ನೀರಿನೊಳಗೆ ಜೋತುಬೀಳಬೇಕು, ಅಲೆಯ ಹೊಡೆತವನ್ನು ಆ ಜೋಲೇ ತಿನ್ನುವುದು. ಜೋಲು ಹೋಗಿ ಒಮ್ಮೆ ಸರಕ್ಕನೆ ಬಿಗಿದರೆ ಹಗ್ಗ ಹರಿಯಿತೆಂದೇ ಲೆಕ್ಕ.

ಹಡಗಿನಲ್ಲಿ ಯಾರೂ ಇಲ್ಲದಿದ್ದರೆ ಇನ್ನೂ ಕಷ್ಟ. 2025ರ ಜೂನ್‌ನಲ್ಲಿ ಕೇರಳದಾಚೆಯ ಕಡಲಿನಲ್ಲಿ ಉರಿಯುತ್ತಿದ್ದ ವಾನ್ ಹೈ 503 ಕಂಟೇನರ್ ಹಡಗಿಗೆ, ಸಿಬ್ಬಂದಿ ಬಿಟ್ಟು ಹೋದಮೇಲೆ, ಹೆಲಿಕಾಪ್ಟರ್‌ನಿಂದ ಜನರನ್ನು ಇಳಿಸಿಯೇ ಹಗ್ಗ ಸಿಕ್ಕಿಸಬೇಕಾಯಿತು.

20,000 ಟನ್ ಮೀರಿದ ಟ್ಯಾಂಕರ್‌ಗಳ ಎರಡೂ ತುದಿಯಲ್ಲಿ ತುರ್ತು ಎಳೆತದ ಸಲಕರಣೆ ಸಿದ್ಧವಿರಬೇಕೆಂಬ ಅಂತರರಾಷ್ಟ್ರೀಯ ನಿಯಮ 1990ರ ದಶಕದ್ದು. ಬೇರೆ ದೊಡ್ಡ ಹಡಗುಗಳಿಗೆ ಅಂಥದೇ ನಿಯಮಕ್ಕೆ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ, ಅದೂ 2028ರಿಂದ ಹೊಸದಾಗಿ ಕಟ್ಟುವವಕ್ಕೆ. ಹಳೆಯವು ಇನ್ನೂ ಎಷ್ಟೋ ವರ್ಷ ಓಡುತ್ತವೆ.

ಟಗ್ ಇದ್ದೂ ಸೋತದ್ದುಂಟೇ?

ಬೇಕಾದಷ್ಟು. 2017ರ ಅಕ್ಟೋಬರ್ 29ರಂದು ಹರ್‌ವಾರ್ಟ್ ಬಿರುಗಾಳಿಯಲ್ಲಿ 225 ಮೀಟರ್‌ನ ಗ್ಲೋರಿ ಆಮ್‌ಸ್ಟರ್‌ಡ್ಯಾಮ್ ಎಂಬ ಹಡಗು ಲಂಗರು ಎಳೆದುಕೊಂಡು ತೇಲಿತು. ಜರ್ಮನಿಯ ಅತ್ಯುತ್ತಮ ಟಗ್ ನಾರ್ಡಿಕ್ ಸಮಯಕ್ಕೇ ಬಂದಿತ್ತು. ಆದರೂ ಎಳೆಹಗ್ಗ ನಿಲ್ಲಲಿಲ್ಲ, ಹಡಗಿನವರ ಜೊತೆ ಮಾತುಕತೆಯೂ ಸರಿಹೋಗಲಿಲ್ಲ. ಹಡಗು ಲಾಂಗೆಯೋಗ್ ದ್ವೀಪದ ಮುಂದೆ ನೆಲ ಕಚ್ಚಿತು. ಅದೃಷ್ಟಕ್ಕೆ ಮರಳು, ಎಣ್ಣೆ ಸೋರಲಿಲ್ಲ.

ಟಗ್‌ನಿಂದ ಆಗದ ಕೆಲಸವೂ ಇದೆ. 1999ರಲ್ಲಿ ಎರಿಕಾ ಎಂಬ ಟ್ಯಾಂಕರ್ ಬಿರುಗಾಳಿಗೆ ಸಿಕ್ಕಿ ತಾನಾಗಿ ಎರಡು ತುಂಡಾಯಿತು. ವಕಾಶಿಯೋದ ಇಂಜಿನ್ ಚೆನ್ನಾಗಿಯೇ ಇತ್ತು, ದಾರಿ ತಪ್ಪಿ ಹವಳದ ದಿಬ್ಬಕ್ಕೆ ಹತ್ತಿತು. ಇವನ್ನು ತಡೆಯುವುದು ತಪಾಸಣೆ ಮತ್ತು ರಾಡಾರ್ ಕಣ್ಗಾವಲು. ಪ್ರೆಸ್ಟೀಜ್‌ಗಂತೂ ಟಗ್‌ಗಳಿದ್ದವು, ಎಳೆಯುತ್ತಲೂ ಇದ್ದವು. ಆದರೆ ಹಡಗಿಗೆ ಆಸರೆ ಕೊಡಲು ಯಾರೂ ಒಪ್ಪಲಿಲ್ಲ. ಆರು ದಿನ ಕಡಲಿನಲ್ಲೇ ಅಲೆದಾಡಿಸಿದರು, ಆರನೇ ದಿನ ಮುರಿದು ಮುಳುಗಿತು. ಟಗ್‌ಗೆ ಹಣ ಕೊಡುವ ಸರ್ಕಾರ, ಎಳೆದು ತಂದ ಹಡಗನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಮೊದಲೇ ಬರೆದಿಟ್ಟಿರಬೇಕು. ಯಾವ ಊರಿನ ರಾಜಕಾರಣಿಯೂ ನಮ್ಮ ಕೊಲ್ಲಿಗೆ ತನ್ನಿ ಅನ್ನುವುದಿಲ್ಲ, ಅದಕ್ಕೇ ಅದು ಮೊದಲೇ ಆಗಬೇಕು.

ಸುಮ್ಮನೆ ನಿಂತ ದಿನಗಳಲ್ಲಿ ಟಗ್‌ಗೆ ಬೇರೆ ಕೆಲಸ ಕೊಟ್ಟು ದುಡ್ಡು ಹುಟ್ಟಿಸಬಾರದೇ?

ಗಸ್ತು, ದಾರಿ ತೋರುವ ತೇಲುಗುರುತುಗಳ (ಬೋಯಾ) ನಿರ್ವಹಣೆ, ಮೀನುಗಾರಿಕೆ ತಪಾಸಣೆ, ತರಬೇತಿ ಇವನ್ನು ಕೊಡಬಹುದು, ಹಲವು ಕಡೆ ಕೊಡುತ್ತಾರೆ. ಖಾಸಗಿ ಎಳೆತದ ಗುತ್ತಿಗೆ ಮಾತ್ರ ಬೇಡ. ಬಿರುಗಾಳಿಯ ರಾತ್ರಿ ಟಗ್ ನೂರೈವತ್ತು ಮೈಲಿ ಆಚೆ ಯಾರದೋ ಬಾರ್ಜ್‌ಗೆ ಕಟ್ಟಿಕೊಂಡಿದ್ದರೆ ವರ್ಷವಿಡೀ ಕೊಟ್ಟ ಬಾಡಿಗೆ ನೀರುಪಾಲು. ಗುತ್ತಿಗೆಯಲ್ಲಿ ನೋಡಬೇಕಾದ ಮೊದಲ ಸಾಲು ಇದು: ಟಗ್ ತನ್ನ ಜಾಗ ಬಿಟ್ಟು ಎಷ್ಟು ದೂರ ಹೋಗಬಹುದು, ಯಾರನ್ನು ಕೇಳಿ ಹೋಗಬೇಕು. ಎರಡನೆಯದು, ನಿಜವಾದ ದೊಡ್ಡ ಹಡಗಿನ ಜೊತೆ, ಕೆಟ್ಟ ಹವೆಯಲ್ಲಿ, ವರ್ಷಕ್ಕೆ ಎಷ್ಟು ಸಲ ಹಗ್ಗ ಕಟ್ಟುವ ಅಭ್ಯಾಸ. ಬಂದರಿನೊಳಗೆ ಫೋಟೋಗೆ ಮಾಡುವ ಅಭ್ಯಾಸವನ್ನು ಎಣಿಸಬಾರದು.

ಎಳೆದು ಉಳಿಸಿದ ಹಡಗಿನ ಮಾಲೀಕನಿಂದ ಸರ್ಕಾರಕ್ಕೆ ಏನಾದರೂ ವಾಪಸು ಬರುತ್ತದೆಯೇ?

ಬರುವಂತೆ ಗುತ್ತಿಗೆ ಬರೆಯಬಹುದು. ಅದು ಆ ಹಡಗಿಗೇ ಮಾಡಿಕೊಟ್ಟ ಸೇವೆಯಾದ್ದರಿಂದ ಮೇಲೆ ಹೇಳಿದ 26ನೇ ವಿಧಿಯೂ ಅಡ್ಡ ಬರುವುದಿಲ್ಲ. ಸಾಲ್ವೇಜ್ ಸಂಭಾವನೆ ಬಂದರೆ ಟಗ್ ಕಂಪನಿಗೆಷ್ಟು, ಖಜಾನೆಗೆಷ್ಟು ಎಂದು ಮೊದಲೇ ಗೆರೆ ಎಳೆದಿಡಬೇಕು. ಪೂರ್ತಿ ಖಜಾನೆಗೇ ಎಂದು ಬರೆದರೆ ಅಪಾಯದ ರಾತ್ರಿ ಹೊರಡುವ ಸಿಬ್ಬಂದಿಗೆ ಹುರುಪು ಉಳಿಯುವುದಿಲ್ಲ. ಪೂರ್ತಿ ಕಂಪನಿಗೇ ಬಿಟ್ಟರೆ ಅಮೊಕೊ ಕಾಡಿಜ್‌ನಲ್ಲಿ ನಡೆದ ಚೌಕಾಸಿ ಹಿಂಬಾಗಿಲಿನಿಂದ ಬರುತ್ತದೆ. ಎಷ್ಟೇ ಬಂದರೂ ವರ್ಷದ ಬಾಡಿಗೆ ಅದರಿಂದ ಹುಟ್ಟುತ್ತದೆ ಎಂದು ಬಜೆಟ್‌ನಲ್ಲಿ ಆದಾಯದ ಕಡೆ ಬರೆಯಬಾರದು, ಯಾಕೆಂದರೆ ಒಳ್ಳೆಯ ವರ್ಷದಲ್ಲಿ ಅದು ಸೊನ್ನೆ.